ಅಕ್ಕಲಕೋಟೆಯ ಟಾಕಿಗೆ ಆರಿಸಿದ ಗ್ರೈಂಡರ್

ಟಾಕಿಗೆ ನೀರು ತುಂಬಿಸಿದ ಮರುದಿನ ಅಕ್ಕಲಕೋಟೆಯಿಂದ ತಾರು ಬಂತು. ಟಾಕಿ ಸೋರುತ್ತಿದೆ, ಕೂಡಲೇ ಬನ್ನಿ ಎಂದಷ್ಟೇ ಇತ್ತು. ನಾನು ಆಗ ಸೊಲ್ಲಾಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಫೋರ್‌ಮನ್. ಗಿರಣಿಗಳ ಬಿಡಿಭಾಗ, ಎಣ್ಣೆ ಇಂಜಿನ್ನಿನ ದುರಸ್ತಿ, ಕಬ್ಬಿಣದ ನೀರಿನ ಟಾಕಿ, ಹೀಗೆ ಬಂದದ್ದನ್ನೆಲ್ಲ ಮಾಡುತ್ತಿದ್ದೆವು. ಈ ಟಾಕಿ ಯಾತ್ರಿಕರ ಧರ್ಮಶಾಲೆಯೊಂದರದು. ಹತ್ತಡಿ ಅಗಲ, ಎಂಟಡಿ ಎತ್ತರ. ಕಲ್ಲಿನ ಕಟ್ಟೆಯ ಮೇಲೆ ನಾವೇ ತಗಡು ಬಗ್ಗಿಸಿ, ಅಲ್ಲೇ ಗ್ಯಾಸಿನಿಂದ ಬೆಸೆದು ನಿಲ್ಲಿಸಿ ಬಂದಿದ್ದೆವು. ಚೈತ್ರದಲ್ಲಿ ಅಕ್ಕಲಕೋಟೆ ಸ್ವಾಮಿಗಳ ಪುಣ್ಯತಿಥಿಗೆ ಸಾವಿರಾರು ಜನ ಬರುತ್ತಾರೆ, ಅಷ್ಟರೊಳಗೆ ನೀರು ನಿಲ್ಲಬೇಕು ಎಂದು ಧರ್ಮಶಾಲೆಯವರು ಮೊದಲೇ ಹೇಳಿದ್ದರು. ತಾರು ಬಂದಾಗ ಪುಣ್ಯತಿಥಿಗೆ ಇನ್ನು ಆರು ವಾರ ಉಳಿದಿತ್ತು.

ಹೋಗಿ ನೋಡಿದೆ. ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಒಂದು ಸುತ್ತು ಬಂದರೆ ಹನ್ನೊಂದು ಕಡೆ ನೀರು ಜಿನುಗುತ್ತಿತ್ತು. ನೀರು ಇಳಿಸಿ ಒಳಗಿಳಿದು ತಗಡುಗಳು ಕೂಡುವ ಒಂದು ಕೀಲನ್ನು ಕೆತ್ತಿ ನೋಡಿದಾಗ ಕಾರಣ ತಿಳಿಯಿತು. ತಗಡಿನ ಅಂಚುಗಳನ್ನು ಸರಿಯಾಗಿ ಉಜ್ಜಿ ಸ್ವಚ್ಛ ಮಾಡದೆ ಬೆಸುಗೆ ಹಾಕಿದ್ದೆವು. ಬೆಸುಗೆಯ ಹೊಟ್ಟೆಯೊಳಗೆ ತುಕ್ಕು, ಕಿಟ್ಟ ಸಿಕ್ಕಿಕೊಂಡು ಸಣ್ಣ ಸಣ್ಣ ತೂತುಗಳಾಗಿದ್ದವು. ಮೇಲೆ ಮೇಲೆ ಮೆತ್ತಿದರೆ ನಿಲ್ಲುವ ಕಾಯಿಲೆ ಅದಲ್ಲ. ಒಳಗಿನ ಕೀಲನ್ನೆಲ್ಲ ಉದ್ದಕ್ಕೂ ತೆರೆದು, ಹರಳಿನಂತೆ ಹೊಳೆಯುವ ಕಬ್ಬಿಣ ಕಾಣುವವರೆಗೆ ತೆಗೆದು, ಮತ್ತೆ ತುಂಬಬೇಕಿತ್ತು.

ಈ ತೆರೆಯುವ ಕೆಲಸವನ್ನು ನಮ್ಮಲ್ಲಿ ಮಾಡುತ್ತಿದ್ದವನು ಕುರನೂರಿನ ಒಬ್ಬ ಆಳು. ಉಳಿ ಮತ್ತು ಕಾನಸು, ಅಂದರೆ ಅರ, ಇವೆರಡೇ ಅವನ ಹತ್ಯಾರ. ಮೂವತ್ತೈದು ದಾಟಿದ ಮೌನಿ. ಹಿಂದಿನ ವರ್ಷ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದಿದ್ದ. ಬಂದ ಮೇಲೆ ಕಾರ್ಖಾನೆಯಲ್ಲಿ ಯಾರು ಏಕವಚನದಲ್ಲಿ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಎದುರಿಗೆ ಮಾತಾಡುವಾಗ ನಾನು ಬಹುವಚನಕ್ಕೆ ಬಂದಿದ್ದೆ. ಅವನು ಟಾಕಿಯೊಳಗೆ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ಉಳಿ ಹೊಡೆದು ಒಂದೂವರೆ ಗೇಣು ಕೀಲು ತೆರೆದ. ಉಳಿದ ಕೀಲನ್ನು ಗೇಣಿನಲ್ಲಿ ಅಳೆದು ನೋಡಿ, “ಸಾಹೇಬ್ರ, ಹಿಂಗ ಹೊಡದ್ರ ದೀಪಾವಳಿಗೆ ಮುಗೀತೈತಿ ನೋಡ್ರಿ” ಅಂದ.

ಕೈಯಲ್ಲಿ ಹಿಡಿದು ಓಡಿಸುವ ಗ್ರೈಂಡರ್ ಬೇಕೆಂಬುದು ಅಲ್ಲಿಗೆ ಖಚಿತವಾಯಿತು. ಈಗ ಪ್ರತಿ ಬೆಸುಗೆ ಅಂಗಡಿಯಲ್ಲೂ ಕಾಣುವ ಆ್ಯಂಗಲ್ ಗ್ರೈಂಡರ್ ಆಗ ನಮ್ಮ ಕಡೆ ಬಂದಿರಲಿಲ್ಲ. ನಮ್ಮಲ್ಲಿದ್ದದ್ದು ನೆಲಕ್ಕೆ ಕೂರಿಸಿದ ಗ್ರೈಂಡರ್ ಒಂದೇ. ಅದರ ಬಳಿಗೆ ಕೆಲಸವನ್ನು ಒಯ್ಯಬೇಕೇ ಹೊರತು ಅದು ಕೆಲಸದ ಬಳಿಗೆ ಬಾರದು.

ಮಾಲಕರು ಹೆಚ್ಚು ಮಾತಾಡಲಿಲ್ಲ. “ಚಲೋದು ಒಂದು ಆರಿಸ್ರಿ ಫೋರಮನ್ನರ. ಈ ಟಾಕಿಗೆ ಅಷ್ಟ ಅಲ್ಲ, ಮುಂದ ಕಾರಖಾನೆದಾಗ ದಿನಾ ನಡೀಬೇಕು ಅಂಥಾದ್ದು ಇರ್ಲಿ” ಅಂದರು.

ಮೂರು ಯಂತ್ರ ತರಿಸಿದೆ. ಎರಡು ಮುಂಬಯಿಯ ಏಜೆಂಟನೊಬ್ಬ ಪರೀಕ್ಷೆಗೆಂದು ಕಳುಹಿಸಿದ ವಿದ್ಯುತ್ ಗ್ರೈಂಡರುಗಳು. ಒಂದು ಹಗುರ, ಇನ್ನೊಂದು ಭಾರ. ಮೂರನೆಯದು ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ಹರಾಜಾಗಿ ಯಾರದೋ ಗುಜರಿಯಲ್ಲಿ ಬಿದ್ದಿದ್ದ ಹಳೆಯ ಯಂತ್ರ. ಅದಕ್ಕೆ ಮೋಟಾರು ಕೈಯಲ್ಲಿರುವುದಿಲ್ಲ. ಮೋಟಾರೋ ಇಂಜಿನ್ನೋ ಎಲ್ಲೋ ದೂರದಲ್ಲಿ ನಿಂತಿರುತ್ತದೆ. ಅಲ್ಲಿಂದ ಹತ್ತು ಹನ್ನೆರಡು ಅಡಿ ಉದ್ದದ, ಹಾವಿನಂತೆ ಬಾಗುವ ಒಂದು ಕೊಳವೆ ಬರುತ್ತದೆ. ಕೊಳವೆಯೊಳಗೆ ಉಕ್ಕಿನ ತಂತಿಗಳನ್ನು ಹೆಣೆದ ಹುರಿ ತಿರುಗುತ್ತದೆ, ಅದರ ತುದಿಯಲ್ಲಿ ತಿಕ್ಕುವ ಕಲ್ಲು.

ಮೂರಕ್ಕೂ ಒಂದೇ ಪರೀಕ್ಷೆ ಇಟ್ಟೆ. ಒಂದೇ ದಪ್ಪದ ತಗಡಿನ ಮೇಲೆ ಒಂದೇ ಉದ್ದದ ಬೆಸುಗೆ, ಕುರನೂರಿನವನದೇ ಕೈ, ದಿನಕ್ಕೆ ಎಂಟು ತಾಸಿನಂತೆ ಮೂರು ಮೂರು ದಿನ. ಕಲ್ಲು ಕೂರಿಸುವ ಮೊದಲು ಪ್ರತಿಯೊಂದನ್ನೂ ಬೆರಳಿಗೆ ತೂಗುಹಾಕಿ ಮರದ ಹಿಡಿಕೆಯಿಂದ ತಟ್ಟಿ ಕೇಳುತ್ತಿದ್ದೆ. ಗಂಟೆಯಂತೆ ನುಡಿದರೆ ಗಟ್ಟಿ, ಒಡಕು ಮಡಕೆಯ ಸದ್ದು ಬಂದರೆ ಎಸೆಯಬೇಕು. ಕಲ್ಲಿನ ಮೇಲೆ ಅಚ್ಚಾದ ವೇಗವನ್ನೂ ಯಂತ್ರದ ವೇಗವನ್ನೂ ತಾಳೆ ನೋಡುತ್ತಿದ್ದೆ. ಅಚ್ಚಾದದ್ದಕ್ಕಿಂತ ಜೋರಾಗಿ ತಿರುಗಿಸಿದರೆ ಕಲ್ಲು ಒಡೆದು ಗುಂಡಿನಂತೆ ಹಾರುತ್ತದೆ. ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಅಜಾಗರೂಕ ಮನುಷ್ಯನಾಗಿರಲಿಲ್ಲ. ನನಗೆ ಗೊತ್ತಿದ್ದ ಅಪಾಯಗಳನ್ನೆಲ್ಲ ಎಣಿಸಿ ಎಣಿಸಿ ನೋಡಿದ್ದೆ.

ಭಾರದ ವಿದ್ಯುತ್ ಗ್ರೈಂಡರ್ ಎರಡನೆಯ ದಿನವೇ ಕಿಡಿ ಕಾರತೊಡಗಿತು. ಮೂರನೆಯ ದಿನ ಅದರ ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದು ನಿಂತಿತು. ಕೊಳವೆಯ ಯಂತ್ರ ನಿಧಾನ, ಜಡ. ಕೊಳವೆಯನ್ನು ಸ್ವಲ್ಪ ಹೆಚ್ಚು ಬಗ್ಗಿಸಿದರೂ ಕಾದು ಕೈ ಸುಡುತ್ತಿತ್ತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಮೋಟಾರಿನ ಬಳಿ ಇನ್ನೊಬ್ಬ ನಿಲ್ಲಬೇಕು. ಒಬ್ಬರ ಕೆಲಸಕ್ಕೆ ಇಬ್ಬರು. ಹಗುರ ಯಂತ್ರ ಮಾತ್ರ ಮೂರು ದಿನವೂ ಒಂದೇ ಸಮ ಓಡಿತು. ಕುರನೂರಿನವನು ಅದನ್ನು ಕೆಳಗಿಟ್ಟು ಮಣಿಕಟ್ಟು ಹೊರಳಿಸಿ, “ಹದಿನೈದು ವರ್ಸಾತ್ರಿ, ಸಂಜಿಕಡಿಗೆ ಕೈ ನೋಯಲಾರದ ದಿನಾ ಇದ ಮೊದಲನೇದು” ಅಂದ. ನಾನು ಹಗುರ ಯಂತ್ರವನ್ನೇ ಆರಿಸಿ ಮಾಲಕರಿಗೆ ವರದಿ ಬರೆದೆ. ಕೊಳವೆಯ ಯಂತ್ರವನ್ನು ಮೂಲೆಗೆ ಹಾಕಿಸಿದೆ.

ನಾವು ಮೂವರು ಅಕ್ಕಲಕೋಟೆಗೆ ಹೋದೆವು. ನಾನು, ಕುರನೂರಿನವನು, ಮತ್ತು ದುಧನಿಯ ವೆಲ್ಡರ್. ವೆಲ್ಡರ್ ಮಾತುಗಾರ, ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಧರ್ಮಶಾಲೆಯ ಪಡಸಾಲೆಯಲ್ಲಿ ವಿದ್ಯುತ್ತಿನ ಗೂಡು, ಅಂದರೆ ಪ್ಲಗ್ಗು ಚುಚ್ಚುವ ಸಾಕೆಟ್ಟು, ಇತ್ತು. ಟಾಕಿಗೆ ಮೂವತ್ತು ಹೆಜ್ಜೆ ದೂರ. ಹೋಗಿ ನೋಡಿದರೆ ಆ ಗೂಡಿಗೆ ಎರಡೇ ತೂತು.

ನಮ್ಮ ಗ್ರೈಂಡರಿನ ಪ್ಲಗ್ಗಿಗೆ ಮೂರು ಕಡ್ಡಿ. ಮೂರನೆಯದು ಯಂತ್ರದ ಮೈಯನ್ನು ನೆಲಕ್ಕೆ ಜೋಡಿಸುವ ತಂತಿಯದು. ಒಳಗೆ ಎಲ್ಲಾದರೂ ಕರೆಂಟು ಮೈಗೆ ತಗುಲಿದರೆ ಈ ತಂತಿಯ ಮೂಲಕ ನೆಲಕ್ಕೆ ಹರಿದು ಫ್ಯೂಸು ಹಾರುತ್ತದೆ, ಹಿಡಿದವನು ಬದುಕುತ್ತಾನೆ. ನನಗೆ ಅದು ಗೊತ್ತಿತ್ತು. ಊರಲ್ಲಿ ಮೂರು ತೂತಿನ ಗೂಡು ಹುಡುಕಿಸಿದೆ, ಸಿಗಲಿಲ್ಲ. ಸೊಲ್ಲಾಪುರದಿಂದ ತರಿಸಬೇಕೆಂದರೆ ಎರಡು ದಿನ. ಆಗಲೇ ಎರಡು ವಾರ ಕಳೆದಿತ್ತು. ಎರಡು ಕಡ್ಡಿಯ ಪ್ಲಗ್ಗು ಕೊಂಡು ತಂದೆ. ಮೂರನೆಯ ತಂತಿಯನ್ನು ಕತ್ತರಿಸಿ, ತುದಿಗೆ ಪಟ್ಟಿ ಸುತ್ತಿ, ಹಿಂದಕ್ಕೆ ಮಡಚಿದೆ. ಹೆಚ್ಚೆಂದರೆ ಒಂದು ವಾರದ ಮಾತು, ಮುಗಿಸಿಕೊಂಡು ಹೋಗಿಬಿಡೋಣ ಎಂದುಕೊಂಡೆ. ವೆಲ್ಡರ್ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಕುರನೂರಿನವನು ಆಚೆ ಟಾಕಿಗೆ ಏಣಿ ಕಟ್ಟುತ್ತಿದ್ದ.

ಎರಡು ದಿನ ಕೆಲಸ ಸರಾಗವಾಗಿ ನಡೆಯಿತು. ಬಿಸಿಲಿಗೆ ಟಾಕಿ ಕಾದ ಹಂಚಾಗುತ್ತಿತ್ತು. ಕುರನೂರಿನವನು ಅರ್ಧ ತಾಸಿಗೊಮ್ಮೆ ಮೇಲಿನ ಬಾಯಿಂದ ಹೊರಬಂದು ತಲೆಗೆ ನೀರು ಸುರಿದುಕೊಂಡು ಮತ್ತೆ ಇಳಿಯುತ್ತಿದ್ದ. ತಳದಲ್ಲಿ ಇನ್ನೂ ಬೆರಳು ದಪ್ಪದಷ್ಟು ನೀರು ನಿಂತಿತ್ತು. ಬರಿಗಾಲು, ಮೈತುಂಬ ಬೆವರು, ಸುತ್ತ ಕಬ್ಬಿಣ.

ಮೂರನೆಯ ದಿನ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕೂತು ಉಳಿದ ಕೀಲುಗಳ ನಕ್ಷೆ ನೋಡುತ್ತಿದ್ದೆ. ಟಾಕಿಯ ಮೇಲಿಂದ ವೆಲ್ಡರನ ಕೂಗು ಕೇಳಿತು. ಏನೆಂದು ತಿಳಿಯುವ ಮೊದಲೇ ನನ್ನ ಪಕ್ಕದ ಗೂಡಿನಿಂದ ಪ್ಲಗ್ಗು ಕಿತ್ತು ಬಂದು ನನ್ನ ಪಾದದ ಹತ್ತಿರ ಬಿತ್ತು. ವೆಲ್ಡರ್ ಮೇಲಿನಿಂದ ಇಡೀ ಕೇಬಲ್ಲನ್ನು ಜಗ್ಗಿದ್ದ. ಅದೊಂದೇ ಅವನಿಗೆ ಹೊಳೆದದ್ದು. ಅವನು ಇಳಿದು ಪಡಸಾಲೆಗೆ ಓಡಿ ಬಂದಿದ್ದರೆ ಈ ಬರಹಕ್ಕೆ ಬೇರೆ ಮುಕ್ತಾಯವಿರುತ್ತಿತ್ತು.

ನಾನು ಏಣಿ ಹತ್ತಿ ಒಳಗಿಳಿದೆ. ಕುರನೂರಿನವನು ಗೋಡೆಗೆ ಒರಗಿ ಬಿದ್ದಿದ್ದ. ಗ್ರೈಂಡರ್ ಇನ್ನೂ ಅವನ ಬಲಗೈಯಲ್ಲೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಉಸಿರು ಇತ್ತು. ಕಣ್ಣುಗಳು ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿನ ಬಾಯಿಂದ ಎಳೆದು ತೆಗೆದೆವು. ಊರಿನ ಡಾಕ್ಟರರು ನೋಡಿ, ಜೀವಕ್ಕೆ ಭಯವಿಲ್ಲ, ಕೈಯನ್ನು ಸೊಲ್ಲಾಪುರದಲ್ಲಿ ತೋರಿಸಿ ಅಂದರು. ಅಂಗೈ ಒಳಗಿನವರೆಗೆ ಸುಟ್ಟಿತ್ತು.

ಸೊಲ್ಲಾಪುರದ ದವಾಖಾನೆಗೆ ಅವನ ಹೆಂಡತಿ ಬಂದಳು. ಕುರನೂರಿನಿಂದ ಬಂದವಳು ನೀರೂ ಕುಡಿದಿರಲಿಲ್ಲ. ಹಾಸಿಗೆಯ ಪಕ್ಕ ನಿಂತು ಗಂಡನ ಕೈಯನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು.

“ಮಷೀನ ಕೆಟ್ಟಿತ್ತೇನ್ರಿ, ಸಾಹೇಬ್ರ?”

“ನೋಡಾಕತ್ತೀವ್ರಿ, ತಾಯಿ” ಅಂದೆ.

ಅಷ್ಟೇ ಅಂದೆ. ಆಮೇಲೆ ಹೊರಗೆ ಬಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಕೂತಿದ್ದೆ. ಎದ್ದು ಹೋಗುವ ಶಕ್ತಿಯೇ ಇರಲಿಲ್ಲ. ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ದುಃಖವಲ್ಲ, ಆ ದಣಿವು.

ಕಾರ್ಖಾನೆಗೆ ಬಂದು ಯಂತ್ರವನ್ನು ಬಿಚ್ಚಿದೆ. ಗಾಳಿಗೆಂದು ಬಿಟ್ಟ ಸಂದುಗಳಿಂದ ಕಬ್ಬಿಣದ ಪುಡಿ ಒಳಗೆ ಹೋಗಿ, ಕಾರ್ಬನ್ ತುಂಡಿನ ಬುಡದಿಂದ ಮೈಯವರೆಗೆ ಕಪ್ಪನೆಯ ದಾರಿ ಮಾಡಿಕೊಂಡಿತ್ತು. ಕರೆಂಟು ಬಂದದ್ದು ಹಾಗೆ. ಅಂದರೆ ಯಂತ್ರದಲ್ಲೂ ಕುಂದಿತ್ತು. ಆದರೆ ಮೂರನೆಯ ತಂತಿ ಜೋಡಿಸಿದ್ದಿದ್ದರೆ ಫ್ಯೂಸು ಹಾರುತ್ತಿತ್ತು, ಯಂತ್ರ ನಿಲ್ಲುತ್ತಿತ್ತು, ನಾವು ಅದಕ್ಕೆ ಎರಡು ಬೈಗುಳ ಬೈದು ದುರಸ್ತಿಗೆ ಕಳಿಸುತ್ತಿದ್ದೆವು.

ಮಾಲಕರ ಮೇಜಿನ ಮೇಲೆ ಆಗಲೇ ಪತ್ರ ಟೈಪಾಗಿ ಸಿದ್ಧವಿತ್ತು. ನಿಮ್ಮ ಯಂತ್ರದ ದೋಷದಿಂದ ನಮ್ಮ ಕೆಲಸಗಾರನಿಗೆ ಅಪಘಾತವಾಗಿದೆ ಎಂದು ಏಜೆಂಟನಿಗೆ ಬರೆದದ್ದು. ಕೆಳಗೆ, ಪರೀಕ್ಷಿಸಿದವನೆಂದು ನನ್ನ ಸಹಿಗೆ ಜಾಗ.

“ಸಹಿ ಮಾಡ್ರಿ.”

“ಮಾಲಕರ, ಮಷೀನದ್ದು ಅರ್ಧಾ ತಪ್ಪು. ಇನ್ನರ್ಧಾ ನಂದ್ರಿ.” ಪ್ಲಗ್ಗನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ.

ಅವರು ಪ್ಲಗ್ಗನ್ನು ಮುಟ್ಟಲಿಲ್ಲ. “ಇದು ಯಾರಿಗೆ ಗೊತ್ತೈತಿ?”

“ವೆಲ್ಡರ್‌ಗೆ. ಈಗ ನಿಮಗ.”

“ಮತ್ತ್ಯಾಕ ಮಂದಿಗೆ ಹೇಳ್ತೀರಿ? ನೀವು ಬೇಕಂತ ಮಾಡಿಲ್ಲಲ್ಲ.”

“ಬೇಕಂತನ ಕತ್ತರಿಸೇನ್ರಿ. ಹಿಂಗಾಗ್ಲಿ ಅಂತ ಕತ್ತರಿಸಿಲ್ಲ, ಅಷ್ಟ.”

ಮಾಲಕರು ಕೆಟ್ಟವರಲ್ಲ. ಕುರನೂರಿನವನ ಮದ್ದಿನ ಹೊಣೆಯನ್ನು ನಾನು ಕೇಳುವ ಮೊದಲೇ ಹೊತ್ತಿದ್ದರು. ಆದರೆ ಆ ದಿನ ಅವರಿಗೆ ಬೇಕಾಗಿದ್ದದ್ದು ಸಹಿ. ನಾನು ಮಾಡಲಿಲ್ಲ. ಯಂತ್ರದೊಳಗೆ ಪುಡಿ ಹೋಗಿದ್ದನ್ನೂ ನಾನು ತಂತಿ ಕತ್ತರಿಸಿದ್ದನ್ನೂ ಎರಡನ್ನೂ ಸೇರಿಸಿ ಬೇರೆ ಪತ್ರ ಬರೆದುಕೊಟ್ಟೆ. ಅವರು ಅದನ್ನು ಕಳಿಸಿದರು, ಆದರೆ ಅನೇಕ ದಿನ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದರು. “ಟಾಕಿ ನೀವ ಮುಗಿಸ್ರಿ. ಹ್ಯಾಂಗ ಮುಗಿಸ್ತೀರೋ ನನಗ ಗೊತ್ತಿಲ್ಲ” ಎಂದದ್ದು ಆ ದಿನದ ಕೊನೆಯ ಮಾತು.

ಹೊಸ ಪ್ಲಗ್ಗು, ಹೊಸ ಗೂಡು ಹಾಕಿಸಿ ಅದೇ ಹಗುರ ಯಂತ್ರವನ್ನು ಮತ್ತೆ ಒಯ್ಯಬಹುದಿತ್ತು. ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ಅವಸರವಾದಾಗ ತಂತಿ ಕತ್ತರಿಸುವ ಕೈ ನನ್ನದೊಂದೇ ಅಲ್ಲ, ನಾಳೆ ಇನ್ನೊಬ್ಬ ಕತ್ತರಿಸುತ್ತಾನೆ. ನನ್ನ ಪರೀಕ್ಷೆಯಲ್ಲಿ ನಾನು ಕೇಳಿದ್ದು ಯಾವುದು ಹೆಚ್ಚು ದಿನ ಓಡುತ್ತದೆ ಎಂದು. ಕೆಟ್ಟಾಗ ಏನಾಗುತ್ತದೆ ಎಂದು ಕೇಳಿರಲಿಲ್ಲ. ಒದ್ದೆ ಕಬ್ಬಿಣದ ಹೊಟ್ಟೆಯೊಳಗೆ ಕರೆಂಟೇ ಇಳಿಯಬಾರದು ಎಂದು ನಿರ್ಧರಿಸಿದೆ. ಮೂಲೆಗೆ ಹಾಕಿಸಿದ್ದ ಕೊಳವೆಯ ಯಂತ್ರವನ್ನು ಹೊರಗೆ ತೆಗೆಸಿದೆ.

ಅದಕ್ಕೆ ಮೋಟಾರಿನ ಬದಲು ಸಣ್ಣ ಸೀಮೆಎಣ್ಣೆ ಇಂಜಿನ್ ಹೊಂದಿಸಿದೆ. ಕಬ್ಬಿನ ಹಾಲಿನ ಅಂಗಡಿಯೊಂದರಲ್ಲಿ ಓಡುತ್ತಿದ್ದ ಇಂಜಿನ್ ಅದು. ಟಾಕಿಯ ಮೇಲೆ ಹಲಗೆ ಹಾಸಿ, ಹೊಗೆ ಒಳಗೆ ಹೋಗದಂತೆ ಗಾಳಿ ಬೀಸುವ ದಿಕ್ಕು ನೋಡಿ ಕೂರಿಸಿದೆವು. ಕಲ್ಲಿನ ವೇಗಕ್ಕೆ ಸರಿಹೊಂದುವಂತೆ ಇಂಜಿನ್ನಿನ ಕಡೆ ದೊಡ್ಡ ಗಾಲಿ, ಕೊಳವೆಯ ಕಡೆ ಚಿಕ್ಕದು, ನಡುವೆ ಚರ್ಮದ ಪಟ್ಟಾ. ಮೊದಲು ಹೊರಗೇ ಚಾಲೂ ಮಾಡಿ ಕಾಲು ತಾಸಾಗಿರಲಿಲ್ಲ, ಕೊಳವೆ ನನ್ನ ಕೈಯಲ್ಲಿ ಒದ್ದಾಡಿ ಒಳಗಿನ ಹುರಿ ಪಟ್ಟನೆ ಕಿತ್ತುಹೋಯಿತು.

ವೆಲ್ಡರ್ ತಲೆ ಹಿಡಿದು ಕೂತು ಮರಾಠಿಯಲ್ಲಿ ಬೈದ. “ಹಿಚಾ ಆಯಲಾ! ಇದೂ ಹೋತು. ಉಳಿ ತಗೊಂಡು ಬಡಿಯೂಣು ನಡೀರಿ.”

ಹುರಿಯನ್ನು ಎಳೆದು ನೋಡಿದೆ. ಹೆಣಿಗೆ ಬಿಚ್ಚಿಕೊಂಡಿತ್ತು. ಆ ಹುರಿ ಒಂದೇ ದಿಕ್ಕಿಗೆ ತಿರುಗಬೇಕು. ಆಗ ಹೆಣಿಗೆ ಬಿಗಿಯುತ್ತದೆ. ನಮ್ಮ ಇಂಜಿನ್ ತಿರುಗುತ್ತಿದ್ದದ್ದು ಅದಕ್ಕೆ ವಿರುದ್ಧ. ಕಾರ್ಖಾನೆಯ ಮೋಟಾರು ಸರಿಯಾದ ದಿಕ್ಕಿಗೆ ತಿರುಗುತ್ತಿದ್ದುದರಿಂದ ಪರೀಕ್ಷೆಯಲ್ಲಿ ಇದು ಗೊತ್ತಾಗಿರಲಿಲ್ಲ. ಸೊಲ್ಲಾಪುರಕ್ಕೆ ಹೋಗಿ ಗುಜರಿಗಳನ್ನೆಲ್ಲ ತಡಕಿ ಇನ್ನೊಂದು ಹುರಿ ತರುವಷ್ಟರಲ್ಲಿ ನಾಲ್ಕು ದಿನ ಹೋಯಿತು. ಈ ಸಲ ಪಟ್ಟಾವನ್ನು ಎಂಟರ ಅಂಕಿಯಂತೆ ತಿರುಚಿ ಹಾಕಿದೆ. ದಿಕ್ಕು ಬದಲಾಯಿತು, ಹುರಿ ಉಳಿಯಿತು.

ಒಂದು ಹಿಡಿಕೆಯನ್ನೂ ಮಾಡಿಸಿದೆ. ಹೊರಗೆ ನಿಂತವನು ಅದನ್ನು ಒತ್ತಿ ಹಿಡಿದಿದ್ದರೆ ಮಾತ್ರ ಪಟ್ಟಾ ಬಿಗಿಯಾಗಿ ಕಲ್ಲು ತಿರುಗುತ್ತದೆ. ಕೈ ಬಿಟ್ಟರೆ ಪಟ್ಟಾ ಸಡಿಲಾಗಿ ನಿಲ್ಲುತ್ತದೆ. ಒಳಗಿರುವವನು ಕಲ್ಲು ಎತ್ತುವ ಮೊದಲು ಕೂಗಿ ಹೇಳಬೇಕು. ಹೇಳದೆ ಕಲ್ಲು ತಿಕ್ಕುವ ಸದ್ದು ನಿಂತರೆ, ಹೊರಗಿನವನು ಕಾರಣ ಕೇಳದೆ ಕೈ ಬಿಡಬೇಕು.

“ಒಳಗ ಯಾರು ಹೋಗಾವ್ರು?” ವೆಲ್ಡರ್ ಕೇಳಿದ. ಅವನ ಕಣ್ಣಲ್ಲಿ ಕಂಡದ್ದು ಭಯ. ಅದನ್ನು ತಪ್ಪೆನ್ನಲಾರೆ.

“ನಾ ಹೋಗ್ತೀನಿ” ಅಂದೆ.

ಹದಿಮೂರು ದಿನ ಒಳಗೆ ಕೂತು ಕೀಲು ತೆರೆದೆ. ಬಾಯಿಗೆ ಒದ್ದೆ ಬಟ್ಟೆ, ಕಣ್ಣಿಗೆ ಕನ್ನಡಕ, ತೊಡೆಯ ಮೇಲೆ ಗೋಣಿ. ಕೊಳವೆಯ ಭಾರಕ್ಕೆ ಭುಜ ಇಳಿದುಹೋಗುತ್ತಿತ್ತು. ಸಂಜೆ ಧರ್ಮಶಾಲೆಯವರು ಕೊಟ್ಟ ಭಾಕ್ರಿ ಮುರಿಯಲು ಬೆರಳು ಮಡಚುತ್ತಿರಲಿಲ್ಲ. ಕುರನೂರಿನವನು ಹದಿನೈದು ವರ್ಷ ಹೇಗೆ ಈ ಕೆಲಸ ಮಾಡಿದ ಎಂಬುದು ನನಗೆ ಆಗ ತಿಳಿಯಿತು, ಅದೂ ಅರ್ಧ ಮಾತ್ರ. ತೆರೆದ ಕೀಲನ್ನು ವೆಲ್ಡರ್ ಇಳಿದು ತುಂಬುತ್ತಿದ್ದ. ಹಿಡಿಕೆಗೆ ಧರ್ಮಶಾಲೆಯ ಕಾವಲುಗಾರನನ್ನು ಕಲಿಸಿ ನಿಲ್ಲಿಸಿದ್ದೆ.

ಪುಣ್ಯತಿಥಿಗೆ ಮೂರು ದಿನ ಮೊದಲು ನೀರು ತುಂಬಿಸಿದೆವು. ಸುತ್ತ ನಡೆಯುತ್ತಾ ಕೀಲಿನ ಮೇಲೆ ಒಣ ಅಂಗೈ ಆಡಿಸಿದೆ. ಒಂದು ಕಡೆ ತೇವ ತಗುಲಿತು. ಒರೆಸಿ ಕಾದು ನೋಡಿದರೆ ಅದು ನನ್ನದೇ ಬೆವರು. ಟಾಕಿ ಒಣಗಿತ್ತು.

ಯಾತ್ರಿಕರು ಬಂದರು, ನಲ್ಲಿಯಲ್ಲಿ ನೀರು ಹಿಡಿದರು, ಹೋದರು. ಸಂತೋಷವಾಗಬೇಕಿತ್ತು. ಅಕ್ಕಲಕೋಟೆ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತವನು ನಿದ್ದೆ ಹೋದೆ. ಎಚ್ಚರವಾದಾಗ ಸೊಲ್ಲಾಪುರ ದಾಟಿ ಕುರ್ಡುವಾಡಿ ಬಂದಿತ್ತು.

ಎರಡು ತಿಂಗಳ ಮೇಲೆ ಕುರನೂರಿನವನು ಕೆಲಸಕ್ಕೆ ಬಂದ. ಬಲಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅವನನ್ನು ಉಗ್ರಾಣದ ಹಿಂದೆ ಕರೆದುಕೊಂಡು ಹೋಗಿ ಹೇಳಿದೆ. “ಆ ಮೂರನೇ ವಾಯರ್ ನಾನ ಕತ್ತರಿಸಿದ್ದೆ.”

“ಗೊತ್ತೈತ್ರಿ” ಅಂದ. “ದವಾಖಾನ್ಯಾಗ ಇದ್ದಾಗನ ವೆಲ್ಡರ್ ಹೇಳ್ಯಾನ.”

ಅವನು ಉಗ್ರಾಣದ ಗೋಡೆಗೆ ಒರಗಿ ನಿಂತ.

“ನೀವು ಹೇಳ್ತೀರೋ ಇಲ್ಲೋ ಅಂತ ನೋಡಾಕತ್ತಿದ್ದೆ. ನನ್ನ ಹೇಣತಿ ಹೇಳಂಗಿಲ್ಲ ಅಂತಿದ್ಲು.” ಆಮೇಲೆ, “ಇನ್ನ ನಾ ಟಾಕಿ ಒಳಗ ಇಳಿಯಂಗಿಲ್ರಿ. ಯಾವ ಮಷೀನ ಇದ್ರೂ ಇಳಿಯಂಗಿಲ್ಲ. ಆ ಹಿಡಕಿ ನನಗ ಕೊಡ್ರಿ. ನನ್ನಷ್ಟು ಲಕ್ಷ್ಯ ಕೊಟ್ಟು ಅಲ್ಲಿ ಯಾರೂ ನಿಂದ್ರಂಗಿಲ್ಲ” ಅಂದ.

ಕಾರ್ಖಾನೆಗೆ ಯಾವ ಗ್ರೈಂಡರ್ ಎಂದು ಮಾಲಕರು ಕೊನೆಗೂ ಕೇಳಿದಾಗ, ಮೇಜಿನ ಕೆಲಸಕ್ಕೆ ಮೂರು ತೂತಿನ ಗೂಡಿನಲ್ಲಿ ಮಾತ್ರ ವಿದ್ಯುತ್ತಿನದು, ಟಾಕಿಯ ಒಳಗೆ ಕೊಳವೆಯದು ಎಂದೆ. “ಅದಕ್ಕ ಇಬ್ಬರು ಬೇಕಲ್ರಿ” ಅಂದರು. “ಹೌದ್ರಿ, ಇಬ್ಬರು ಬೇಕು” ಅಂದೆ. ಅವರು ಮತ್ತೆ ಕೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಮಂಗಳವೇಢೆ ಕಡೆಯ ಮರವಡೆಯಲ್ಲಿ ಇನ್ನೊಂದು ಟಾಕಿಯ ಕೆಲಸ ಬಂತು. ಒಳಗೆ ಇಳಿಯಲು ಕಲಿತವರು ಇನ್ನೂ ಇರಲಿಲ್ಲ, ನಾನೇ ಇಳಿದೆ. ಮೇಲೆ ಹಿಡಿಕೆಯ ಬಳಿ ಕುರನೂರಿನವನು. ಒಂದು ತಾಸು ತಿಕ್ಕಿರಬೇಕು, ಬೆವರು ಕಣ್ಣಿಗೆ ಇಳಿದು ಉರಿಯಿತು. ಹೇಳುವುದು ಮರೆತು ಕಲ್ಲನ್ನು ಎತ್ತಿ, ತೋಳಿನಿಂದ ಹಣೆ ಒರೆಸಿಕೊಳ್ಳಹೋದೆ. ತೋಳು ಹಣೆಗೆ ತಾಗುವ ಮೊದಲೇ ಕಲ್ಲು ನಿಂತಿತು. ಮೇಲಿನ ಬಾಯಲ್ಲಿ ಬೆಳಕು ಮುಚ್ಚಿ ಅವನ ಮುಖ ಕಾಣಿಸಿತು.

“ಏನಾತ್ರಿ?”

“ಏನಿಲ್ರಿ. ಬೆವರು ಒರಸಾಕತ್ತಿದ್ದೆ.”



“ಹೇಳಿ ಒರಸ್ಕೋರಿ” ಅಂದ, ಹೋಗಿ ಹಿಡಿಕೆ ಹಿಡಿದ.